ಸಿಂಹಾಸನದ ನಾಲ್ಕನೇ ಕಾಲು

ಏಳು ಹೊಳೆ ದಾಟಿದರೆ ಸಿಗುತ್ತಿದ್ದ, ಈಗ ಎಷ್ಟು ಹೊಳೆ ದಾಟಿದರೂ ಸಿಗದ ಹೊನ್ನೆಪುರವೆಂಬ ರಾಜ್ಯದಲ್ಲಿ ಬಹಳ ಹಿಂದೆ ಕೇತೋಜ ಎಂಬ ಬಡಗಿಯಿದ್ದ. ಅವನ ಹೆಂಡತಿ ಮಾಚಲೆ. ಕೇತೋಜ ಉಳಿ ಹಿಡಿದರೆ ಮರ ಬೆಣ್ಣೆಯಾಗುತ್ತಿತ್ತು. ಆದರೆ ಅವನಿಗೆ ಎರಡು ಚಾಳಿ. ಕೆಲಸದಲ್ಲಿ ಮಿಕ್ಕ ಒಂದು ತುಂಡನ್ನೂ ಒಲೆಗೆ ಕೊಡುತ್ತಿರಲಿಲ್ಲ. ಮತ್ತೆ, ಹೆಂಡತಿ "ಊಟಕ್ಕೆ ಏಳ್ರೀ" ಎಂದರೆ ಸಾಕು, ಅರ್ಧ ಹೊಡೆದ ಮೊಳೆಯನ್ನೂ ಬಿಟ್ಟು ಎದ್ದುಬಿಡುತ್ತಿದ್ದ.

"ಅಟ್ಟದ ಮೇಲೆ ತುಂಡು, ಮಂಚದ ಕೆಳಗೆ ತುಂಡು. ನನ್ನನ್ನ ಎಲ್ಲಿಡ್ತೀರಿ?" ಎಂದು ಮಾಚಲೆ ಗೊಣಗುತ್ತಿದ್ದಳು.

"ಮಿಕ್ಕಿದ್ದನ್ನ ಅಲ್ಲಿಡೋದು ಕಣೇ. ನಿನಗೆ ಮನೆಯೆಲ್ಲ ಇದೆಯಲ್ಲ" ಎನ್ನುತ್ತಿದ್ದ ಕೇತೋಜ.

ಆ ರಾಜ್ಯದ ಬೆಟ್ಟದ ಮೇಲೆ ಗರ್ಗರ ಎಂಬ ಮಾಂತ್ರಿಕನಿದ್ದ. ರಾಜನೇ ಅವನಿಗೆ ಹೆದರಿ ಬಾಗಿಲು ಹಾಕಿಕೊಂಡು ಕೂರುತ್ತಿದ್ದ. ಗರ್ಗರ ಒಮ್ಮೆ ಕೇತೋಜನನ್ನು ಎಳೆಸಿಕೊಂಡು ಹೋಗಿ ಸಿಂಹಾಸನ ಮಾಡಿಸಿದ. ಹದಿಮೂರನೇ ದಿನ ಕೇತೋಜನ ಚೀಲ ಮಾತ್ರ ಗಾಳಿಯಲ್ಲಿ ತೇಲಿಬಂದು ಅಂಗಳಕ್ಕೆ ಬಿತ್ತು. ಚೀಲದೊಳಗಿನ ಉಳಿ ಬಾಯಿಬಿಟ್ಟು ಮಾತಾಡಿತು.

"ತಾಯೀ, ಮೂರು ಕಾಲಿಗೇ ಮರ ಮುಗೀತು. ಮಿಕ್ಕ ತುಂಡು ಸೇರಿಸಿ ನಾಲ್ಕನೇದು ಮಾಡ್ತೀನಿ ಅಂದರು ಯಜಮಾನರು. 'ನನ್ನ ಸಿಂಹಾಸನಕ್ಕೆ ಚೂರುಪಾರಿನ ಕಾಲಾ? ನೀನೇ ನಿಲ್ಲು' ಅಂತ ಗರ್ಗರ ಅವರನ್ನೇ ಕಾಲು ಮಾಡಿಬಿಟ್ಟ. ದಾರಿಯಲ್ಲಿ ಮೊಸಳೆ, ಕರಡಿ, ಸಿಂಹ ಕಾವಲಿವೆ."

ಮಾಚಲೆ ಅತ್ತಳು. ಅತ್ತು ಮುಗಿದ ಮೇಲೆ ಅಟ್ಟ ಹತ್ತಿದಳು. ಇಪ್ಪತ್ತು ವರ್ಷ ಗಂಡನ ಕೆಲಸ ನೋಡಿದ ಕಣ್ಣು ಅವಳದು. ಉದ್ದನೆಯ ತುಂಡುಗಳು ಸಟ್ಟುಗಗಳಾದವು, ಅಗಲದವು ಬಾಚಣಿಗೆಗಳಾದವು, ಯಾವುದಕ್ಕೂ ಬಾರದ ಸೊಟ್ಟ ಕೋಲುಗಳು ಬೆನ್ನು ಕೆರೆಯುವ ಕೈಗಳಾದವು. ಎಲ್ಲವನ್ನೂ ಬುಟ್ಟಿಗೆ ತುಂಬಿ ಬೆಟ್ಟದ ದಾರಿ ಹಿಡಿದಳು.

ಹೊಳೆಯಲ್ಲಿ ಮೊಸಳೆ ಬಾಯಿ ತೆರೆಯಿತು. "ನಿನ್ನ ತಿನ್ನಲೋ, ನುಂಗಲೋ?"

"ಅದಿರಲಿ, ನೂರು ವರ್ಷದಿಂದ ನಿನ್ನ ಬೆನ್ನು ಯಾರು ಕೆರೀತಾರೆ?"

ಮೊಸಳೆ ಯೋಚಿಸಿತು. ಮಾಚಲೆ ಒಮ್ಮೆ ಕೆರೆದು ತೋರಿಸಿದಳು. ಮೊಸಳೆಯ ಕಣ್ಣಲ್ಲಿ ನಿಜವಾದ ನೀರು ಬಂತು. "ಕೊಟ್ಟು ಹೋಗವ್ವ!"

"ಬಿಟ್ಟಿ ಇಲ್ಲಪ್ಪ. ಆಚೆ ದಡಕ್ಕೆ ಬಿಡು, ನಿಂದು."

ಹೊಳೆ ದಾಟಿದ್ದಾಯಿತು. ಕಾಡಿನಲ್ಲಿ ಕರಡಿ ಅಡ್ಡ ಬಂತು. ಮೂತಿಯೆಲ್ಲ ಜೇನು ಕಚ್ಚಿ ಕುಂಬಳಕಾಯಿಯಾಗಿತ್ತು.

"ಮೂತಿ ಯಾಕೆ ಹಾಕ್ತೀಯೋ ಮಂಕೆ? ಮಾರುದ್ದದ ಸಟ್ಟುಗ ಇದೆ, ದೂರ ನಿಂತು ತೆಗಿ."

ಕರಡಿ ತೆಗೆಯಿತು, ನೆಕ್ಕಿತು, ಬೆಲೆಯಾಗಿ ಒಂದು ಗುಟ್ಟು ಹೇಳಿತು: "ಗರ್ಗರ ತನ್ನ ಮಂತ್ರವೆಲ್ಲ ಆ ಹೊಸ ಸಿಂಹಾಸನಕ್ಕೆ ತುಂಬಿದ್ದಾನೆ. ಅವನ ಮೈ ನೆಲ ಮುಟ್ಟಿದರೆ ಹೋಯ್ತು. ಅದಕ್ಕೇ ಅವನು ಇಳಿಯೋದೇ ಇಲ್ಲ."

ಗರ್ಗರನ ಅರಮನೆ ಬಾಗಿಲಲ್ಲಿ ಸಿಂಹ. ಕೇಸರವೆಲ್ಲ ಸಿಕ್ಕು, ಸಿಕ್ಕಿನಲ್ಲಿ ಮುಳ್ಳು. ಮಾಚಲೆ ಬಾಚಣಿಗೆ ತೆಗೆದು, ಪಕ್ಕದಲ್ಲಿ ಕೂತು ಬಾಚತೊಡಗಿದಳು. "ಅಯ್ಯೋ, ಮೆಲ್ಲಗೆ!" ಎಂದಿತು ಮೃಗರಾಜ. ಬಾಚಿ ಮುಗಿಯುವಷ್ಟರಲ್ಲಿ ಬಾಗಿಲು ತಾನಾಗಿ ತೆರೆದಿತ್ತು. ಬಾಚಣಿಗೆ ಸಿಂಹದ ಪಾಲಾಯಿತು.

ಒಳಗೆ ಗರ್ಗರ ಎತ್ತರದಲ್ಲಿ ಕೂತಿದ್ದ. ಸಿಂಹಾಸನದ ನಾಲ್ಕೂ ಕಾಲುಗಳು ಒಂದೇ ಬಣ್ಣ, ಒಂದೇ ಗಾತ್ರ, ಒಂದೇ ಕೆತ್ತನೆ.

"ಗಂಡ ಬೇಕಾ?" ಗರ್ಗರ ನಕ್ಕ. "ಒಂದು ಕಾಲು ಮುಟ್ಟು. ಅವನಾದರೆ ಕರಕೊಂಡು ಹೋಗು. ಅಲ್ಲವೋ, ಜನ್ಮವಿಡೀ ನನ್ನ ಕಾಲ್ಮಣೆಯಾಗಿ ಬಿದ್ದಿರು."

ಮಾಚಲೆ ಒಂದು ಸುತ್ತು ಬಂದಳು. ಎರಡು ಸುತ್ತು ಬಂದಳು. ಗುರುತು ಸಿಗಲಿಲ್ಲ. ಒಂದನ್ನು ಮುಟ್ಟಲು ಕೈ ಚಾಚಿದಳು. ಬಿಸಿಲು ನೆತ್ತಿಗೆ ಬಂದಿತ್ತು. ಮನೆಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ...

ಅವಳು ಕೈ ಹಿಂದೆ ತೆಗೆದುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಡುಗೆಮನೆಯಿಂದ ಅಂಗಳಕ್ಕೆ ಕೇಳುವಂತೆ ಕೂಗಿದಳು:

"ಏನ್ರೀ, ಊಟಕ್ಕೆ ಏಳ್ರೀ! ಮುದ್ದೆ ಆರುತ್ತೆ!"

ಹಿಂದಿನ ಎಡಗಾಲು ಎದ್ದು ಹೊರಟೇಬಿಟ್ಟಿತು.

ಸಿಂಹಾಸನ ವಾಲಿತು. ಗರ್ಗರ "ಹೇ ಹೇ ಹೇ" ಎನ್ನುತ್ತ ಉರುಳಿ ನೆಲಕ್ಕೆ ಬಿದ್ದ. ಬಿದ್ದಲ್ಲಿಂದ ಎದ್ದವನು ಒಬ್ಬ ಬೊಕ್ಕತಲೆಯ ಮುದುಕ ಮಾತ್ರ. ಕೇತೋಜ ಮೈಮೇಲಿನ ಹೊಟ್ಟು ಕೊಡವಿಕೊಳ್ಳುತ್ತ, "ಏನು ಸಾರು?" ಎಂದ.

"ಸಾರಂತೆ ಸಾರು! ಮೊದಲು ಇದನ್ನ ಬಿಚ್ಚಿ" ಎಂದು ಮಾಚಲೆ ಕಣ್ಣೊರೆಸಿಕೊಂಡು ಸಿಂಹಾಸನವನ್ನು ಅಳತೆ ಹಾಕಿದಳು. "ಇದರಲ್ಲಿ ನೂರು ಸಟ್ಟುಗಕ್ಕೆ ಮೋಸವಿಲ್ಲ. ಒಂದು ಚಕ್ಕೆ ಇಲ್ಲಿ ಬಿಟ್ಟು ಬಂದರೆ ನೋಡಿ ಮತ್ತೆ!"

ರಾಜ ಬಾಗಿಲು ತೆರೆದು ಹೊರಗೆ ಬಂದ. ಹೊನ್ನೆಪುರದ ಸಂತೆಯಲ್ಲಿ ಮಾಚಲೆಯ ಅಂಗಡಿ ಎದ್ದಿತು. ಗಿರಾಕಿಗಳಲ್ಲಿ ಒಬ್ಬನಿಗೆ ಬಾಲವಿತ್ತು, ಯಾರೂ ಕೇಳಲಿಲ್ಲ. ಅಂಗಡಿಯ ಮೂಲೆಯಲ್ಲಿ ಕೂತು ಸಟ್ಟುಗ ಉಜ್ಜಿ ನುಣುಪು ಮಾಡುತ್ತಿದ್ದವನು ಗರ್ಗರ. ಅವನು ಕೂತ ಮಣೆ ಹನ್ನೊಂದು ಚೂರು ಸೇರಿಸಿ ಮಾಡಿದ್ದು. ಒಂದು ದಿನವೂ ಅಲುಗಾಡಲಿಲ್ಲ.

ನಡುಮಧ್ಯಾಹ್ನ ಮಾಚಲೆ ಕರೆಯುತ್ತಿದ್ದಳು. ಆಗ ಕೇತೋಜ, ಗರ್ಗರ ಇಬ್ಬರೂ ಏಳುತ್ತಿದ್ದರು. ಅವರ ಮುದ್ದೆ ಯಾವತ್ತೂ ಆರಲಿಲ್ಲ. ಕೇಳಿದವರ ಮನೆಯದೂ ಆರದಿರಲಿ.