ಗಂಗಾ ಹೇಳದ ನೋವು

"ಅತ್ತೇ, ಸಾಕು! ಇನ್ನೊಂದು ಹೋಳಿಗೆ ಹಾಕಿದ್ರೆ ನಾನು ತಟ್ಟೇನೇ ಎತ್ತಿಬಿಡ್ತೀನಿ!"

ಪ್ರಮೀಳಾಳ ಮಾತು ಮುಗಿಯುವ ಮೊದಲೇ ನೀಲಾಂಬಿಕಮ್ಮ ಮೊಮ್ಮಗಳ ತಟ್ಟೆಗೆ ಹೋಳಿಗೆ ಹಾಕಿ, ಮೇಲೆ ಧಾರಾಳವಾಗಿ ತುಪ್ಪ ಸುರಿದಾಗಿತ್ತು. ಪ್ರಮೀಳಾ ಆಡಿದಂತೆಯೇ ಮಾಡಿದಳು. ತಟ್ಟೆ ಎತ್ತಿಬಿಟ್ಟಳು! ಊಟಕ್ಕೆ ಕುಳಿತವರೆಲ್ಲ ತುತ್ತನ್ನು ಕೈಯಲ್ಲೇ ಹಿಡಿದು ಅವಳನ್ನು ನೋಡಿದರು. ಹದಿಮೂರರ ಗಂಗಾಶ್ರೀ ಮಾತ್ರ ಯಾರನ್ನೂ ನೋಡದೆ, ತುಪ್ಪ ಹತ್ತಿದ ಬೆರಳುಗಳನ್ನು ಮೆಲ್ಲಗೆ ಒರೆಸಿಕೊಂಡು ತಲೆ ತಗ್ಗಿಸಿದಳು.

"ನೋಡ್ರವ್ವಾ, ನೋಡ್ರಿ!" ನೀಲಾಂಬಿಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಸಾವಿನ ಬಾಯಿಂದ ತಪ್ಪಿಸ್ಕೊಂಡು ಬಂದ ಕೂಸು... ಅದರ ಮುಂದಿನ ತಟ್ಟೆ ಕಿತ್ಕೊಳ್ತಾಳೆ. ಹೆತ್ತ ತಾಯಿಯಂತೆ!"

ಅದು ಸೊರಬದಲ್ಲಿ ನೀಲಾಂಬಿಕಮ್ಮನವರ ಮಗಳು ಮಮತಾಳ ಮನೆ. ಗಂಗಾಳ ಚಿಕಿತ್ಸೆ ನಡೆಯುತ್ತಿರುವಾಗ ಶಿಕಾರಿಪುರದಿಂದ ಅಲ್ಲಿಗೆ ಹಬ್ಬದೂಟಕ್ಕೆ ಬರುವುದೇ ಪ್ರಮೀಳಾಗೆ ಬೇಕಿರಲಿಲ್ಲ. ಆದರೆ ಗಂಡ ಕೊಟ್ರೇಶ್, "ಅವ್ವ ಬೇಜಾರು ಮಾಡ್ಕೊಳ್ತಾಳೆ ಕಣೇ, ಮನೆಯವರಷ್ಟೇ ಇರೋದು" ಎಂದಿದ್ದ. ಅವ್ವನಿಗೆ ಬೇಜಾರಾಗಬಾರದು; ಆ ಮನೆಯ ಕಾನೂನು ಅದೊಂದೇ.

ರಕ್ತದ ಕ್ಯಾನ್ಸರ್ ಎಂದು ಗೊತ್ತಾದಾಗ ಗಂಗಾ ಕಡ್ಡಿಯಂತಾಗಿದ್ದಳು. ಸ್ಟೆರಾಯ್ಡ್ ಮಾತ್ರೆ ಶುರುವಾದದ್ದೇ ಹುಡುಗಿಗೆ ಎಲ್ಲಿಲ್ಲದ ಹಸಿವು. ಉಂಡೆದ್ದ ಕೂಡಲೇ ಮತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಮುಖ ಚಂದ್ರನಂತೆ ಗುಂಡಗಾಯಿತು, ಅಂಗಿಗಳೆಲ್ಲ ಬಿಗಿಯಾದವು. ನೀಲಾಂಬಿಕಮ್ಮನವರ ಸಂತೋಷಕ್ಕೆ ಪಾರವೇ ಇಲ್ಲ! "ಕೂಸು ಮೈಕೈ ತುಂಬ್ಕೊಂಡೈತೆ, ಇನ್ನೆಲ್ಲಿ ರೋಗ?" ಎಂದು ಬೀದಿಯವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಬೆಣ್ಣೆ, ಶೇಂಗಾ ಉಂಡೆ, ಕರಿದ ಮಿರ್ಚಿ... ಸೊಸೆ ಅತ್ತ ತಿರುಗಿದರೆ ಇತ್ತ ಮಗುವಿನ ಕೈಗೆ.

ಶಿವಮೊಗ್ಗದ ಡಾಕ್ಟರಮ್ಮ ಪ್ರಮೀಳಾಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಕ್ಯಾನ್ಸರಿಗೆ ಈಗ ಕೊಡುವ ಇಂಜೆಕ್ಷನ್‌ನಿಂದ ರಕ್ತ ಹೆಪ್ಪುಗಟ್ಟುವ ಭಯವಿದೆ, ದೊಡ್ಡ ಮಕ್ಕಳಲ್ಲಿ ಅದು ಹೆಚ್ಚು, ಮೈತೂಕ ಏರಿದರೆ ಇನ್ನೂ ಹೆಚ್ಚು. ಉಪವಾಸ ಕೆಡವಬೇಡಿ, ಎಣ್ಣೆ, ಸಿಹಿ ಕಡಿಮೆ ಮಾಡಿ, ನೀರು ಕುಡಿಸಿ, ಓಡಾಡಿಸಿ ಎಂದಿದ್ದರು. ಅದನ್ನು ಮನೆಯಲ್ಲಿ ಹೇಳಿ ಹೇಳಿ ಅವಳ ಬಾಯಿ ಬತ್ತಿಹೋಗಿತ್ತು. ಅತ್ತೆಗೆ ಹೇಳಿದರೆ ಅಳು, ಗಂಡನಿಗೆ ಹೇಳಿದರೆ "ಹೋಗ್ಲಿ ಬಿಡು", ಮಗಳಿಗೆ ಹೇಳಿದರೆ ಮೌನ. ಥೂ, ಇದೆಂಥ ಮನೆ!

ಆ ಸಿಟ್ಟೆಲ್ಲ ಈಗ ಮಗಳ ಮೇಲೆ ತಿರುಗಿತು. "ಏಳು ಗಂಗಾ, ಅಂಗಳದಲ್ಲಿ ಸ್ವಲ್ಪ ನಡಿ."

"ಆಮೇಲೆ, ಅಮ್ಮಾ..."

"ಏನು ಆಮೇಲೆ? ಕೂತಲ್ಲೇ ಕೂತು ಇನ್ನೂ ಊದ್ಕೋತೀಯಾ? ಏಳು!"

ಗಂಗಾ ಗೋಡೆ ಹಿಡಿದು ಎದ್ದಳು. ಎಡಗಾಲು ಊರಿದ್ದೇ ತಡ, ಚೀರಿ ಕುಸಿದಳು. ಪ್ರಮೀಳಾ ಓಡಿಬಂದು ಪೈಜಾಮ ಮೇಲೆತ್ತಿ ನೋಡಿದರೆ... ಅಯ್ಯೋ! ಕಾಲು ತೊಡೆಯವರೆಗೂ ಬಾತು ಕೆಂಪಾಗಿದೆ, ಮುಟ್ಟಿದರೆ ಕೆಂಡ!

"ಉಳುಕೈತೆ, ಅಷ್ಟೇ. ಮಮತಾ, ಎಣ್ಣೆ ಬಿಸಿ ಮಾಡ್ಕೊಂಡು ಬಾರೇ, ನೀವಿ ಬಿಡ್ತೀನಿ," ಎಂದು ನೀಲಾಂಬಿಕಮ್ಮ ತೋಳೇರಿಸಿದರು.

"ಮುಟ್ಟಬೇಡಿ!" ಪ್ರಮೀಳಾ ಮಗಳ ಕಾಲಿಗೆ ಅಡ್ಡವಾಗಿ ಕುಳಿತುಬಿಟ್ಟಳು. "ಉಜ್ಜಲೇಬಾರದು ಅಂದಿದಾರೆ ಡಾಕ್ಟ್ರು. ರೀ, ಕಾರು ತೆಗೀರಿ!"

"ಅವ್ವ ಎಷ್ಟು ಜನರ ಉಳುಕು ತೆಗ್ದಿಲ್ಲ? ಬೆಳಿಗ್ಗೆ ನೋಡಿದ್ರಾಯ್ತು..." ಎಂದು ಕೊಟ್ರೇಶ್ ರಾಗ ಎಳೆದ.

"ಬೆಳಿಗ್ಗೆಯಂತೆ! ಅವ್ವನಿಗೆ ಬೇಜಾರಾಗುತ್ತೆ ಅಂತ ಇನ್ನೂ ಏನೇನು ಮಾಡಿಸ್ತೀರಿ ನನ್ನ ಕೈಲಿ? ಕಾರು ತೆಗೀತೀರೋ, ಇಲ್ಲ ಮಗೂನ ಎತ್ಕೊಂಡು ನಾನೇ ರಸ್ತೆಗೆ ಹೋಗಲೋ?"

ಅವಳ ಕಣ್ಣುಗಳನ್ನು ನೋಡಿ ಕೊಟ್ರೇಶ್ ಎದ್ದ. ನೀಲಾಂಬಿಕಮ್ಮನೂ ಗೊಣಗುತ್ತಲೇ ಕಾರು ಹತ್ತಿ ಮೊಮ್ಮಗಳ ತಲೆಯನ್ನು ಮಡಿಲಲ್ಲಿಟ್ಟುಕೊಂಡರು. ಶಿರಾಳಕೊಪ್ಪ ದಾಟಿತು, ಶಿಕಾರಿಪುರ ಬಂತು. "ಮನೆ ಇಲ್ಲೇ ಐತಲ್ಲಪ್ಪಾ, ಕೂಸು ಒಂದಿಷ್ಟು ಮಲಗಲಿ," ಎಂದರು. ಕಾರಿನ ವೇಗ ತಗ್ಗಿತು. ಪ್ರಮೀಳಾಗೆ ಕೂಗಲೂ ಶಕ್ತಿ ಉಳಿದಿರಲಿಲ್ಲ. ಗಂಡನನ್ನು ಸುಮ್ಮನೆ ನೋಡಿದಳು. ಕೊಟ್ರೇಶ್ ಕನ್ನಡಿಯಲ್ಲಿ ಮಗಳ ಬಿಳಿಚಿದ ಮುಖ ಕಂಡ. "ಇಲ್ಲವ್ವ," ಎಂದ. ಮದುವೆಯಾದ ಮೇಲೆ ಅವನ ಬಾಯಿಂದ ಅವಳು ಕೇಳಿದ ಮೊದಲ 'ಇಲ್ಲವ್ವ' ಅದು. ಕಾರು ಶಿವಮೊಗ್ಗದ ಕಡೆಗೆ ಓಡಿತು.

ಸ್ಕ್ಯಾನಿಂಗ್ ಆಯಿತು. ತೊಡೆಯ ರಕ್ತನಾಳದಲ್ಲಿ ಹೆಪ್ಪು!

"ತಡ ಮಾಡದೆ ಕರ್ಕೊಂಡು ಬಂದ್ರಿ, ಒಳ್ಳೇದಾಯ್ತು," ಎಂದರು ಡಾಕ್ಟರಮ್ಮ. "ಕಾಲು ಉಜ್ಜಿದ್ದರೆ ಹೆಪ್ಪಿನ ತುಂಡು ಕಳಚಿ ಶ್ವಾಸಕೋಶಕ್ಕೆ ಹೋಗಬಹುದಿತ್ತು. ರಕ್ತ ತೆಳುಮಾಡೋ ಇಂಜೆಕ್ಷನ್ ಶುರು ಮಾಡಿದೀವಿ, ಕೆಲವು ತಿಂಗಳು ಬೇಕಾಗುತ್ತೆ."

ನೀಲಾಂಬಿಕಮ್ಮ ಗೋಡೆಗೊರಗಿದರು. "ನಾನು... ಉಣ್ಸಿ ಉಣ್ಸಿ ನಾನೇ ಕೂಸನ್ನ..."

"ಹಾಗಲ್ಲಮ್ಮ. ಇಂಜೆಕ್ಷನ್, ಮಾತ್ರೆ, ವಯಸ್ಸು, ಎಲ್ಲ ಸೇರಿ ಆಗಿದ್ದು. ತೂಕ ಅದರಲ್ಲೊಂದು. ಅದೊಂದು ನಮ್ಮ ಕೈಲಿದೆ ಅಂತ ಹೇಳ್ತೀವಿ. ಆ ಹಸಿವು ಮಾತ್ರೆಯದು, ಮಗೂನ ಯಾರೂ ಬೈಬೇಡಿ."

ಪ್ರಮೀಳಾ ಕೊನೆಯ ಮಾತು ಕೇಳಿಸಿಕೊಳ್ಳಲೇ ಇಲ್ಲ. "ಈಗ ಗೊತ್ತಾಯ್ತಾ ಅತ್ತೆ? ನಾನು ಬಡ್ಕೊಂಡಿದ್ದು ಈಗ ಗೊತ್ತಾಯ್ತಾ?" ಎಂದು ತಿರುಗಿ ನಿಂತಳು. ಇಷ್ಟು ದಿನ ನುಂಗಿದ್ದೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮಂಚದಿಂದ ಸಣ್ಣ ದನಿ ಕೇಳಿತು.

"ಅಮ್ಮಾ, ಅಜ್ಜಿಗೆ ಬೈಬೇಡ. ಕಾಲು ನೋಯೋಕೆ ಶುರುವಾಗಿ ಮೂರು ದಿನ ಆಯ್ತು."

"ಮೂರು ದಿನವಾ? ಯಾಕೆ ಹೇಳಲಿಲ್ಲೇ?"

ಗಂಗಾಳ ಗುಂಡು ಕೆನ್ನೆಗಳ ಮೇಲೆ ನೀರಿಳಿಯಿತು. "ಹೇಳಿದ್ರೆ... ದಪ್ಪ ಆಗಿದೀಯ, ಅದಕ್ಕೇ ಅಂತ ನೀನು ಬೈತೀಯ. ಆಮೇಲೆ ಅಜ್ಜಿ ಅಳ್ತಾರೆ. ನನ್ನಿಂದ ದಿನಾ ಜಗಳ... ಅದಕ್ಕೇ ಸುಮ್ಮನಿದ್ದೆ."

ಪ್ರಮೀಳಾ ನಿಂತಲ್ಲೇ ನಿಂತಳು. ತಾನು ಹೇಳಿದ್ದೆಲ್ಲ ನಿಜವಾಗಿತ್ತು. ಹೇಳಿದ ರೀತಿಗೆ ಮಗು ಹೆದರಿ ಬಾಯಿ ಮುಚ್ಚಿಕೊಂಡಿತ್ತು. ಗೆದ್ದೆನೆಂದುಕೊಂಡವಳು ಮಂಚದ ಅಂಚಿಗೆ ಕುಳಿತು ಬಿಕ್ಕಿದಳು. ಅವಳ ಭುಜದ ಮೇಲೆ ಒಂದು ಕೈ ಬಿತ್ತು. ಅತ್ತೆಯದು.

ಮನೆಗೆ ಬಂದ ಮೇಲೂ ಜಗಳ ಪೂರ್ತಿ ನಿಂತಿತೆಂದೇನಲ್ಲ. ಪಲ್ಯಕ್ಕೆ ಎಣ್ಣೆ ಸಾಲದೆಂದು ನೀಲಾಂಬಿಕಮ್ಮ ಈಗಲೂ ಮೂತಿ ತಿರುಗಿಸುತ್ತಾರೆ. ಆದರೆ ದಿನವೂ ಪ್ರಮೀಳಾ ರಕ್ತ ತೆಳುಮಾಡುವ ಇಂಜೆಕ್ಷನ್ ಚುಚ್ಚುವಾಗ ಮೊಮ್ಮಗಳ ಕೈ ಹಿಡಿಯುವವರು ಅವರೇ. ಪಕ್ಕದ ಮನೆಯಾಕೆ ಬಂದು, "ಹುಡುಗಿ ಎಷ್ಟು ದಪ್ಪ ಆಗ್ಯಾಳಲ್ರೀ!" ಎಂದಾಗ, "ಔಷಧಿದು ಅದು. ನಿಮಗೇನು ತೊಂದ್ರೆ?" ಎಂದು ಮುಖಕ್ಕೆ ಹೊಡೆದಂತೆ ಹೇಳಿದವರೂ ಅವರೇ.

ಮೊನ್ನೆ ಮಧ್ಯಾಹ್ನ ಗಂಗಾ ತಾನಾಗಿಯೇ ಅಡುಗೆಮನೆಗೆ ಬಂದಳು. "ಅಮ್ಮಾ, ಇಂಜೆಕ್ಷನ್ ಕೊಟ್ಟಲ್ಲಿ ಕಪ್ಪಾಗಿ ನೋಯ್ತಿದೆ."

ಪ್ರಮೀಳಾ ಬಾಯಿಗೆ ಬಂದ 'ಯಾಕೆ ಮೊದಲೇ ಹೇಳಲಿಲ್ಲ' ಎಂಬುದನ್ನು ನುಂಗಿಕೊಂಡು, "ಎಲ್ಲಿ ಪುಟ್ಟಾ, ತೋರ್ಸು," ಎಂದಳು. ನೋಡಿ, ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಹೆದರುವಂಥದ್ದೇನಿಲ್ಲ, ನಾಳೆ ಬೇರೆ ಜಾಗದಲ್ಲಿ ಕೊಡಿ ಎಂದರು.

ಗಂಗಾ ಮಾತ್ರ ಹೋಗಲಿಲ್ಲ. ಬಾಗಿಲು ಹಿಡಿದು, ತಾಯಿಯ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೇಳಿದಳು:

"ಅಮ್ಮಾ... ಮತ್ತೆ ಹಸಿವಾಗ್ತಿದೆ. ಅದನ್ನೂ ಹೇಳ್ಬಹುದಾ?"

ಪ್ರಮೀಳಾ ಮಗಳನ್ನು ಬರಸೆಳೆದು ಅಪ್ಪಿಕೊಂಡಳು. "ಹೇಳು ಕಂದಾ... ಅದನ್ನೂ ಹೇಳು."