ಅಂಚು ದಾಟಿದ ಕೆಂಪು

ಆಗಸ್ಟ್ ಹನ್ನೊಂದರ ಮಂಗಳವಾರ ಬೆಳಗ್ಗೆ ನೋಲೀನ್ ಟೆಬಟ್ ಪ್ಯಾಂಡನಸ್ ಕ್ರಾಸಿಂಗ್ ಊರಿನ ಪೊಲೀಸ್ ಠಾಣೆಗೆ ಬಂದು, ಗಂಡ ಟ್ರೆಂಟ್‌ನ ಒಡೆದ ರೈಫಲ್ಲನ್ನು ಗೋಣಿಚೀಲದ ಸಮೇತ ಮೇಜಿನ ಮೇಲಿಟ್ಟಳು. ಹಿಂದಿನ ದಿನ ಕಾಡೆಮ್ಮೆ ಬೇಟೆಯಲ್ಲಿ ಟ್ರೆಂಟ್ ಟ್ರಿಗರ್ ಎಳೆದದ್ದೇ ತಡ, ಅದು ಅವನ ಮುಖಕ್ಕೇ ಸಿಡಿದಿತ್ತು. ಬಲಗಣ್ಣು ಹೋಗಿತ್ತು.

"ತೋಟಾ ಎಲ್ಲೀದು?" ಸಾರ್ಜೆಂಟ್ ಬ್ರೋನಾ ಕೀಲಿ ಕೇಳಿದಳು.

"ಅಂಗಡೀದು."

"ಯಾವ ಅಂಗಡಿ?"

"ಯಾವ್ದೋ ಒಂದು. ಕೋವಿ ಮಾಡಿದೋರ ಮೇಲೆ ಕೇಸ್ ಹಾಕಿ, ಸಾಕು."

ದೂರು ದಾಖಲಾಯಿತು. ಪಂಚನಾಮೆ ಬರೆಯುವಾಗಲೇ ಸುಳ್ಳು ಬಯಲಾಯಿತು. ಸಿಡಿದ ತೋಟಾದ ಹಿತ್ತಾಳೆ ಬುಡ ಕೋವಿಯಲ್ಲೇ ಕಚ್ಚಿಕೊಂಡಿತ್ತು, ಅದರ ನಡುವೆ ಕೆಂಪು ಉಗುರುಬಣ್ಣ. ಮನೆಯಲ್ಲಿ ಮದ್ದು ತುಂಬುವವರು ತಮ್ಮ ತೋಟಾಗಳಿಗೆ ಹಾಗೆ ಗುರುತು ಹಾಕುತ್ತಾರೆ. ಒಂದು ಸಲ ಕೂತರೆ ಒಂದೇ ಡಬ್ಬಿ ತುಂಬಿ ಏಳುವವರೂ ಇಲ್ಲ. ಉಳಿದ ತೋಟಾಗಳು ಈಗ ಯಾರ ಕೋವಿಯಲ್ಲಿವೆಯೋ ಎಂದು ಹುಡುಕಲು ಬ್ರೋನಾ ಹೊರಟಳು.

ಪೆಟ್ರೋಲ್ ಬಂಕ್, ಮಾಂಸದ ಕಾರ್ಖಾನೆ, ಬೇಟೆ ಕ್ಯಾಂಪು, ಎಲ್ಲಿ ಹೋದರೂ ಒಂದೇ ಪಾಠ: ಅಂಗಡೀದು. ಇದೇ ಊರಲ್ಲಿ ಹುಟ್ಟಿ ಬೆಳೆದ ಕಾನ್ಸ್‌ಟೇಬಲ್ ಪೆಲ್ ಕೂಡ, "ಅಂಗಡೀದೇ ಇರ್ಬೇಕು ಸಾರ್ಜ್" ಎಂದ. ಊರಿಗೆ ಊರೇ ಬಾಯಿಗೆ ಬೀಗ ಜಡಿದುಕೊಂಡಿತ್ತು. ಬ್ರೋನಾಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಬುಧವಾರ ಬಾರಿನಲ್ಲಿ ಊಟಕ್ಕೆ ಕೂತಾಗ ಅವಳ ಕಣ್ಣು ಗೋಡೆಯ ಮೇಲೆ ಬಿತ್ತು. ಭಾರಿ ಎಮ್ಮೆಕೋಡಿನ ಕೆಳಗೆ, ಹಲಗೆಗೆ ಕೂರಿಸಿದ ಹಳೆಯ ತೋಟಾ, ಬುಡದಲ್ಲಿ ಅದೇ ಕೆಂಪು. 'ತುಂಬಿದ್ದು ಮರ್ವ್ ಹ್ಯಾಲಿಸಿ' ಎಂದು ಕೊರೆದಿತ್ತು. ಈ ಕೆಂಪು ಅಚ್ಚುಕಟ್ಟಾಗಿ ಅಂಚಿನೊಳಗಿತ್ತು. ಟ್ರೆಂಟ್‌ನ ತೋಟಾದ್ದು ಮಗು ಇಟ್ಟುಕೊಂಡ ಬೊಟ್ಟಿನ ಹಾಗೆ ಆಚೀಚೆ ಹರಡಿತ್ತು.

ಊಟ ಅಷ್ಟಕ್ಕೇ ಬಿಟ್ಟು, ಪೆಲ್‌ನನ್ನು ಕರೆದುಕೊಂಡು ಅವಳು ಮರ್ವ್‌ನ ಮನೆಗೆ ಹೋದಳು. ಅವನಿಗೆ ಎಪ್ಪತ್ತು ದಾಟಿತ್ತು, ಒಂಟಿ ಮನುಷ್ಯ.

"ಬಾರಮ್ಮಾ, ಟೀ ಕುಡಿ. ಪೊಲೀಸ್ನೋರಿಗೆ ಸಕ್ಕರೆ ಜಾಸ್ತಿ ಬೇಕು, ಅಲ್ವಾ? ಸಿಡುಕು ಇಳೀಲಿ."

ಟೀ ಬಗ್ಗಿಸುವಾಗ ಅವನು ಬಟ್ಟಲಿನೊಳಕ್ಕೆ ಬೆರಳಿಟ್ಟು, ಬಿಸಿ ತಗುಲಿದಾಗ ನಿಲ್ಲಿಸಿದ. ಬ್ರೋನಾ ಎದ್ದು ಹಿತ್ತಿಲಿಗೆ ಹೋದಳು. ಪರಂಗಿ ಗಿಡದ ಬುಡದಲ್ಲಿ, ಈಗಷ್ಟೇ ಉದುರಿದ ಎಲೆಗಳ ಮೇಲೆ ಕಪ್ಪು ಕಾಳುಗಳು. ಒಂದು ಚಿಟಿಕೆಯನ್ನು ಕಲ್ಲಿನ ಮೇಲಿಟ್ಟು ಕಡ್ಡಿ ಗೀರಿದಳು. ಭುಸ್ಸೆಂದು ಉರಿಯಿತು.

"ಹಳೇ ಮದ್ದು," ಬಾಗಿಲಲ್ಲಿ ನಿಂತು ಮರ್ವ್ ಹೇಳಿದ. "ಗಿಡಕ್ಕೆ ಗೊಬ್ಬರ. ಎಲ್ರೂ ಹಾಕ್ತಾರೆ."

"ಹಳೇದನ್ನ ಹಾಕ್ತಾರೆ. ಇದು ಈಗ ಉದುರಿದ ಎಲೆ ಮೇಲಿದೆ. ಟ್ರೆಂಟ್ ಕಣ್ಣು ಹೋದ ಮೇಲೆ ಹಾಕಿದ್ದು."

ಮರ್ವ್ ಮೆಟ್ಟಿಲ ಮೇಲೆ ಕುಸಿದು ಕೂತ. "ಸೀಸೆ ತಪ್ಪಿತು. ಉಳಿದಿದ್ದ ಪಿಸ್ತೂಲು ಮದ್ದನ್ನ ರೈಫಲ್ ಮದ್ದಿನ ಸೀಸೇಗೇ ಸುರಿದುಬಿಟ್ಟೆ. ಅದು ಬೇಗ ಉರಿಯುತ್ತೆ, ರೈಫಲ್ ತಡ್ಕೊಳಲ್ಲ."

"ಎಷ್ಟು ಡಬ್ಬಿ ತುಂಬಿದ್ರಿ?"

ಮರ್ವ್ ಮೆಟ್ಟಿಲ ಅಂಚನ್ನು ಉಗುರಿನಿಂದ ಕೆರೆದ.

"ಮರ್ವ್! ಎಷ್ಟು?"

"ಎರಡು."

"ಇನ್ನೊಂದು ಯಾರ ಹತ್ರ?"

ಮರ್ವ್, ಪೆಲ್ ನಿಂತಿದ್ದ ಕಡೆಗೆ ಮುಖ ತಿರುಗಿಸಿದ. ಪೆಲ್‌ನ ಮುಖ ಬಿಳಿಚಿಕೊಂಡಿತು.

"ನನ್ ತಮ್ಮ ರೀಸ್ ಹತ್ರ, ಸಾರ್ಜ್. ಬೆಳಗ್ಗೆ ನದಿ ಕಡೆ ಹೋದ. ನಾನು... ಊರಿಗೆಲ್ಲಾ ತುಂಬಿ ಕೊಡೋದು ಮರ್ವ್, ಅವ್ನ ಕೈ ತಪ್ಪಲ್ಲ ಅನ್ಕೊಂಡಿದ್ದೆ. ಕೋವೀದೇ ತಪ್ಪು ಅಂತ..."

"ಬಾಯ್ಮುಚ್ಚಿ ಫೋನ್ ಮಾಡು!"

ಉಪಗ್ರಹ ಫೋನು ರಿಂಗಾಗುತ್ತಲೇ ಇತ್ತು. ಮೂರನೆಯ ಸಲಕ್ಕೆ ರೀಸ್ ಎತ್ತಿ ರೇಗಿದ: "ಅಯ್ಯೋ ಮಾರಾಯಾ, ಎಮ್ಮೆ ಎದುರಿಗೇ ನಿಂತಿತ್ತು, ಓಡಿಸಿಬಿಟ್ಯಲ್ಲೋ!"

ಗುಂಡು ಹಾರಿಸಬೇಡವೆಂದು ಹೇಳಿ, ಪೆಲ್ ಗೋಡೆಗೆ ಹಣೆ ಒತ್ತಿ ಅತ್ತ. ಬ್ರೋನಾಳ ಸಿಟ್ಟು ಮಾತ್ರ ಇಳಿಯಲಿಲ್ಲ. ಮರ್ವ್ ಕಡೆ ತಿರುಗಿದಳು.

"ಮದ್ದು ಚೆಲ್ಲೋಕೆ ನೆನಪಾಯ್ತು, ಡಬ್ಬಿ ವಾಪಸ್ ಕೇಳೋಕೆ ಏನಾಗಿತ್ತು ನಿಮ್ಗೆ?"

"ಕೇಳಿದ್ರೆ ಯಾಕೆ ಅಂತಿದ್ರು."

ಮಧ್ಯಾಹ್ನ ಮೂರಕ್ಕೆ ಮರ್ವ್‌ನ ದಸ್ತಗಿರಿ: ಜೀವಕ್ಕೆ ಅಪಾಯ ತಂದದ್ದು, ಸಾಕ್ಷ್ಯ ನಾಶ. ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತೆಂದು ಅವನೇ ಹೇಳಿದ. ತಿಳಿದರೆ ಲೈಸೆನ್ಸ್ ಹೋಗುತ್ತಿತ್ತು. ಲೈಸೆನ್ಸ್ ಹೋದರೆ ಮದ್ದಿಲ್ಲ, ಮದ್ದಿಲ್ಲದಿದ್ದರೆ ಶನಿವಾರ ಅವನ ಶೆಡ್ಡಿಗೆ ಹುಡುಗರು ಬರುವುದೂ ಇಲ್ಲ. ಹೆಂಡತಿ ಡೋರೀನ್ ಸತ್ತ ಮೇಲೆ ಆ ಮನೆಗೆ ಬರುತ್ತಿದ್ದವರು ಅವರಷ್ಟೇ. ಕೆಂಪು ಉಗುರುಬಣ್ಣದ ಸೀಸೆ ಅವಳದ್ದು.

ಜೀಪು ಹತ್ತುವಾಗ ಅವನು ಕೇಳಿದ: "ಬಣ್ಣ ಆಚೆ ಹೋಗಿತ್ತಾ?"

"ಹೋಗಿತ್ತು."

"ಡೋರೀನ್ ಇದ್ದಿದ್ರೆ ಅವತ್ತೇ ಹೇಳೋಳು," ಎಂದು ಮರ್ವ್ ಸೀಟಿಗಾಗಿ ತಡಕಾಡಿದ. ಪೆಲ್ ಅವನ ಕೈ ಹಿಡಿದು ಕೂರಿಸಿದ.