ನಾಲ್ಕನೇ ಹಾಸಿಗೆಯ ಪಕ್ಕದ ದನಿ

"ರೀ ಮಿಸ್ಟರ್! ಇದೇನು ಆಸ್ಪತ್ರೆಯೋ, ನಾಟಕದ ಸ್ಟೇಜೋ?"

ಡಯಾಲಿಸಿಸ್ ವಾರ್ಡಿನ ಆರೂ ಹಾಸಿಗೆಗಳಿಂದ ತಲೆಗಳು ಒಮ್ಮೆಲೇ ಗದರಿದ ನರ್ಸ್‌ನತ್ತ ತಿರುಗಿದವು.

ನಾಲ್ಕನೇ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತು ಅಪ್ಪನಿಗೆ ಪುಸ್ತಕ ಓದಿ ಹೇಳುತ್ತಿದ್ದ ಯುವಕ ತಲೆಯೆತ್ತಿದ. ಬೈಸಿಕೊಂಡವನ ಮುಖವೇ ಅಲ್ಲ ಅದು! ಅಷ್ಟು ಶಾಂತವಾದ ಕಣ್ಣುಗಳನ್ನು ಅವಳು ಆ ವಾರ್ಡಿನಲ್ಲಿ ಎಂದೂ ಕಂಡಿರಲಿಲ್ಲ.

"ಸಾರಿ ಸಿಸ್ಟರ್... ದನಿ ಇಳಿಸ್ತೀನಿ."

"ಇಳಿಸೋದಲ್ಲ, ನಿಲ್ಸಿ!"

ತೋಳಿಗೆ ಎರಡು ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ಅವನ ಅಪ್ಪ ಗೋಗರೆದರು. "ಅಮ್ಮಾ, ಆ ಹಡಗು ಮುಳುಗುತ್ತೋ ಇಲ್ವೋ ಗೊತ್ತಾಗೋವರೆಗಾದ್ರೂ ಬಿಡಮ್ಮ. ಹೀಗೆ ನಡುನೀರಲ್ಲಿ ಕೈಬಿಟ್ರೆ ಹೇಗೆ?"

"ಹೌದು ಸಿಸ್ಟರ್," ಆರನೇ ಹಾಸಿಗೆಯ ಅಜ್ಜಿಯೂ ದನಿಗೂಡಿಸಿದರು. "ಪಾಪ, ಆ ಹಡಗಿನ ಅಡುಗೆಯವನು ಬದುಕಬೇಕು!"

ಅವಳು ದಾಪುಗಾಲಿಟ್ಟು ಹೊರಟುಹೋದಳು.

ವಾರ್ಡಿನವರು ಅವಳಿಗೆ ಇಟ್ಟಿದ್ದ ಹೆಸರು 'ಗುಡುಗು ಸಿಸ್ಟರ್'. ಆದರೆ ಸೂಜಿ ಚುಚ್ಚುವ ಹೊತ್ತಿಗೆ ಎಲ್ಲರಿಗೂ ಅವಳೇ ಬೇಕು! ಒಂಬತ್ತು ವರ್ಷಗಳ ಅನುಭವ. ಹೂವು ಕಿತ್ತಷ್ಟು ಸಲೀಸಾದ ಕೈ.

ಆ ಕೈ ಈಗ ನಡುಗುತ್ತಿತ್ತು...

ಒಂದನೇ ಹಾಸಿಗೆಗೆ ನಾಲ್ಕು ವರ್ಷ ತಪ್ಪದೆ ಬರುತ್ತಿದ್ದ ನಿವೃತ್ತ ಟೀಚರಮ್ಮ ತೀರಿಕೊಂಡು ಇಪ್ಪತ್ತು ದಿನಗಳಾಗಿದ್ದವು. ಅಂದಿನಿಂದ ಅವಳ ಕಣ್ಣಿಗೆ ನಿದ್ದೆಯಿಲ್ಲ. ಅಳೋಣವೆಂದರೆ ಪುರುಸೊತ್ತಿಲ್ಲ. ಒಳಗಿದ್ದ ಸಂಕಟವೆಲ್ಲ ಬೈಗುಳವಾಗಿ ಹೊರಬರುತ್ತಿತ್ತು.

ಸ್ವಲ್ಪ ಹೊತ್ತಿಗೆ ಅವಳು ವಾರ್ಡಿಗೆ ಮರಳಿದಳು. ಅವನು ಪಿಸುದನಿಯಲ್ಲಿ ಓದುತ್ತಲೇ ಇದ್ದ. ಆದರೆ... "ಇನ್ನೂ ಎಷ್ಟು ಹೊತ್ತು ಸಿಸ್ಟರ್?" ಎಂದು ಗಂಟೆಗೆ ಹತ್ತು ಸಲ ಕೂಗುವವರು ಇಂದು ಒಮ್ಮೆಯೂ ಕೂಗಿರಲಿಲ್ಲ. ಆರೂ ಜನ ಹಡಗು ಹತ್ತಿ ಹೋಗಿಬಿಟ್ಟಿದ್ದರು!

ಅವಳೂ ಮೆಷಿನ್ ಮೇಲೆ ಕೈಯಿಟ್ಟು ಹಾಗೇ ನಿಂತಳು. ಕಚ್ಚಿ ಹಿಡಿದಿದ್ದ ಹಲ್ಲು ಯಾವಾಗ ಸಡಿಲವಾಯಿತೋ ಅವಳಿಗೇ ತಿಳಿಯಲಿಲ್ಲ.

*ಇದೇನಿದು... ಎದೆ ಇಷ್ಟು ಹಗುರವಾಗಿದೆ?*

ಮರುವಾರ ಆಗಬಾರದ್ದು ನಡೆದೇ ಹೋಯಿತು. ಅವನ ಅಪ್ಪನ ತೋಳಿಗೆ ಸೂಜಿ ಹಾಕುವಾಗ ಅವಳ ಕೈ ನಡುಗಿ, ಗುರಿ ತಪ್ಪಿತು. ಒಂಬತ್ತು ವರ್ಷದಲ್ಲಿ ಹೀಗಾಗಿರಲಿಲ್ಲ!

"ಪರವಾಗಿಲ್ಲ ಮಗಳೇ, ನನ್ನ ಚರ್ಮ ದಪ್ಪ," ಎಂದು ಆ ಹಿರಿಯರು ನಕ್ಕರು.

ಅವಳು ಸೂಜಿಯನ್ನು ಜೊತೆಯ ನರ್ಸ್‌ಗೆ ಕೊಟ್ಟು ಮೆಟ್ಟಿಲ ಕಡೆ ಓಡಿದಳು. ಹಿಂದೆಯೇ ಬಂದ ಅವನು ನಾಲ್ಕು ಮೆಟ್ಟಿಲು ಕೆಳಗೇ ನಿಂತ.

"ಬೈಯೋಕೆ ಬಂದ್ರಾ? ಬೈಯಿರಿ!"

"ಇಲ್ಲ... ಇದು ಕೊಡೋಣ ಅಂತ." ಅದೇ ಹಡಗಿನ ಪುಸ್ತಕ. "ನಾನು ಪ್ರೆಸ್‌ನಲ್ಲಿ ಪ್ರೂಫ್ ನೋಡೋನು, ಅಚ್ಚಿನ ತಪ್ಪು ಹುಡುಕೋನು. ಅಪ್ಪನಿಗೆ ಕಿಡ್ನಿ ಹೋಯ್ತು ಅಂದಾಗ ನನಗೂ ಹೀಗೇ ಕೈ ನಡುಗ್ತಿತ್ತು. ಒಂದು ಪುಟ ಓದ್ತಿದ್ದೆ, ತುಟಿ ಆಡಿಸ್ಕೊಂಡು, ಮಕ್ಕಳ ಥರ. ಉಸಿರು ತಾನಾಗೇ ಸಾಲಿನ ಜೊತೆ ನಡೆಯೋಕೆ ಶುರುವಾಗುತ್ತೆ."

"ನನಗೆ ಓದೋಕೆ ಟೈಮೆಲ್ಲಿ?"

"ಒಂದೇ ಪುಟ..."

ಮಧ್ಯಾಹ್ನ ಬೆಡ್‌ಶೀಟ್ ಇಡುವ ಕೋಣೆಯ ಕಿಟಕಿಯ ಬಳಿ ಕೂತು ಅವಳು ಪುಸ್ತಕ ತೆರೆದಳು. ಮೊದಲ ಪುಟವನ್ನೇ ನಾಲ್ಕು ಸಲ ಓದಿದರೂ ತಲೆಗೆ ಹತ್ತಲಿಲ್ಲ. ಮರುದಿನ ಎರಡು ಪುಟ. ಐದನೇ ದಿನ ಅಡುಗೆಯವನು ಸತ್ತ ಗೆಳೆಯನಿಗೂ ಒಂದು ತಟ್ಟೆ ಬಡಿಸುವ ಭಾಗ ಬಂತು... ಟೀಚರಮ್ಮನಿಗಾಗಿ ಅವಳು ಮೊದಲ ಬಾರಿ ಬಿಕ್ಕಿಬಿಕ್ಕಿ ಅತ್ತಳು. ಅಂದು ರಾತ್ರಿ ಕಣ್ತುಂಬ ನಿದ್ದೆ ಬಂತು.

ಅವನ ಮೇಲೆ ಗೌರವ ಮೂಡಿತು. ಗೌರವವೋ... ಇನ್ನೇನೋ?

ಅಷ್ಟರಲ್ಲೇ ಒಂದು ದಿನ ಅವನು ಹೆಡ್ ನರ್ಸ್ ಕೈಗೆ ಲಕೋಟೆ ಕೊಡುವುದನ್ನು ಅವಳು ಕಂಡಳು. ಮರುದಿನವೇ ಹೆಡ್ ನರ್ಸ್ ಅವಳನ್ನು ಕರೆದರು.

"ಎರಡು ವಾರ ಹೊರರೋಗಿಗಳ ವಿಭಾಗಕ್ಕೆ ಹೋಗು. ನಿನ್ನ ಬಗ್ಗೆ ಒಂದು ಪತ್ರ ಬಂದಿದೆ..."

ಮುಂದಿನ ಮಾತು ಹೇಳುವಷ್ಟರಲ್ಲಿ ಅವರ ಫೋನ್ ರಿಂಗಾಯಿತು. ಅವಳಿಗೆ ಅಷ್ಟೇ ಸಾಕಾಗಿತ್ತು.

*ಸೂಜಿ ತಪ್ಪಿದ್ದಕ್ಕೆ ದೂರು! ಅದೂ ಇವನಿಂದ!*

ನೇರ ವಾರ್ಡಿಗೆ ಹೋಗಿ ಪುಸ್ತಕವನ್ನು ಅವನ ಮಡಿಲಿಗೆ ಹಾಕಿದಳು. "ಎದುರಿಗೆ ನಗು, ಬೆನ್ನಿಗೆ ಚೂರಿ. ಚೆನ್ನಾಗಿ ಪಾಠ ಕಲಿಸಿದ್ರಿ!"

"ಸಿಸ್ಟರ್, ಆ ಪತ್ರದಲ್ಲಿ..."

"ಸಾಕು!"

ಹತ್ತು ದಿನ ಕಳೆಯಿತು. ಅವನ ಮೇಲಿನ ಸಿಟ್ಟು ಬಿಡಲಿಲ್ಲ, ಓದುವುದೂ ಬಿಡಲಿಲ್ಲ! ಲೈಬ್ರರಿಯಿಂದ ತಾನೇ ಪುಸ್ತಕ ತಂದಳು. ಕೈ ನಡುಕ ನಿಂತಿತ್ತು. ಮನಸ್ಸು ತಿಳಿಯಾದಂತೆ ಒಂದು ಪ್ರಶ್ನೆ ತಲೆಯೆತ್ತಿತು: *ಅಷ್ಟಕ್ಕೂ ಆ ಪತ್ರವನ್ನು ನಾನು ಓದಿಯೇ ಇಲ್ಲವಲ್ಲ?*

ನೇರವಾಗಿ ಹೆಡ್ ನರ್ಸ್ ಬಳಿ ಹೋಗಿ ಕೇಳಿದಳು. ಅವರು ಡ್ರಾಯರ್‌ನಿಂದ ತೆಗೆದುಕೊಟ್ಟರು.

'ಒಂಬತ್ತು ವರ್ಷದಿಂದ ಈ ಸಿಸ್ಟರ್ ನಮ್ಮ ನೋವನ್ನು ತಮ್ಮ ಕೈಯಲ್ಲಿ ಹಿಡಿದಿದ್ದಾರೆ. ಆ ಕೈಗೆ ಈಗ ವಿಶ್ರಾಂತಿ ಬೇಕು. ಸ್ವಲ್ಪ ದಿನ ಹಗುರ ಕೆಲಸ ಕೊಡಿ. ಆಮೇಲೆ ಅವರನ್ನು ನಮಗೇ ವಾಪಸ್ ಕೊಡಿ. ಬೇರೆ ಯಾರೂ ಬೇಡ.'

ಕೆಳಗೆ ಆರು ಸಹಿಗಳು. ಬರೆದುಕೊಟ್ಟವನು ಅವನೇ.

"ದೂರು ಅಂದ್ಕೊಂಡಿದ್ಯಾ ಹುಚ್ಚಿ?" ಹೆಡ್ ನರ್ಸ್ ಅವಳ ತಲೆ ನೇವರಿಸಿದರು.

ಅವಳು ವಾರ್ಡಿಗೆ ಮರಳಿದ ದಿನ ಮೊದಲು ಹೋದದ್ದೇ ನಾಲ್ಕನೇ ಹಾಸಿಗೆಗೆ. ಸೂಜಿ ಒಂದೇ ಸಲಕ್ಕೆ ಸರಿಯಾಗಿ ಕೂತಿತು.

"ಚುಚ್ಚಿದ್ಯಾ? ಗೊತ್ತೇ ಆಗ್ಲಿಲ್ಲ!" ಎಂದರು ಅವನ ಅಪ್ಪ.

ಅವಳು ಮಗನತ್ತ ತಿರುಗಿದಳು. "ಹೊರಗೆ ಬನ್ನಿ. ಮಾತಾಡಬೇಕು."

ವಾರ್ಡಿನ ಬಾಗಿಲಾಚೆ ಕಾರಿಡಾರ್‌ನಲ್ಲಿ ಇಬ್ಬರೇ.

"ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ತಪ್ಪಾಯ್ತು. ಆದ್ರೆ... ನನ್ನ ವಿಷಯ ನನ್ನನ್ನೊಂದು ಮಾತು ಕೇಳಬಹುದಿತ್ತಲ್ಲ?"

"ಕೇಳಬೇಕಿತ್ತು," ಅವನು ತಲೆ ತಗ್ಗಿಸಿದ. "ದಿನವಿಡೀ ಬೇರೆಯವರ ತಪ್ಪು ತಿದ್ದೋನು ನಾನು. ನನ್ನ ತಪ್ಪೇ ಕಣ್ಣಿಗೆ ಬೀಳಲಿಲ್ಲ. ಕ್ಷಮಿಸಿ."

ಎಷ್ಟು ಸುಲಭವಾಗಿ ಒಪ್ಪಿಕೊಂಡ! ಅವಳ ಕಣ್ಣು ಹನಿಗೂಡಿತು.

ಅವನು ಮೆಲ್ಲಗೆ ಕೇಳಿದ, "ಹೊಸ ಪುಸ್ತಕ ತಂದಿದೀನಿ. ಇವತ್ತು ಅದನ್ನ ಶುರು ಮಾಡ್ಲಾ?"

"ಬೇಡ. ಯಾರೋ ಬರೆದಿದ್ದು ಇವತ್ತು ಬೇಡ. ನಿಮ್ಮದೇ ಮಾತು ಹೇಳಿ."

ಪುಟಗಟ್ಟಲೆ ತಡವರಿಸದೆ ಓದುವವನು ಈಗ ತಡವರಿಸಿದ. "ಸಿಸ್ಟರ್, ನಾ... ನಾನು..."

"ಲೋ!" ಒಳಗಿನಿಂದ ಅಪ್ಪನ ದನಿ. "ಮೊದಲು ಆ ಸಿಸ್ಟರ್ ಅನ್ನೋದು ಬಿಡೋ!"

ಇಡೀ ವಾರ್ಡು ಗೊಳ್ಳೆಂದಿತು. ಅವಳೂ ನಕ್ಕಳು. ಎಷ್ಟು ದಿನಗಳ ಮೇಲಿನ ನಗು!

ಅವನು ಅವಳ ಕಣ್ಣನ್ನೇ ನೋಡುತ್ತ ಹೇಳಿದ, "ನೀವು ಹತ್ತಿರ ಬಂದ್ರೆ ನನಗೆ ಸಾಲು ತಪ್ಪುತ್ತೆ. ಎಷ್ಟೋ ಪುಟ ಎರಡೆರಡು ಸಲ ಓದಿದೀನಿ. ನೀವು ಅಂದ್ರೆ ನನಗೆ ಅಷ್ಟು ಇಷ್ಟ. ಪುಣ್ಯಕ್ಕೆ ಯಾರಿಗೂ ಗೊತ್ತಾಗಲಿಲ್ಲ..."

ಅವಳು ಅವನ ಬೆರಳುಗಳನ್ನು ತನ್ನ ಅಂಗೈಯೊಳಗೆ ಸೇರಿಸಿಕೊಂಡಳು.

"ನನಗೆ ಗೊತ್ತಾಗಿತ್ತು."

"ಹೌದಾ! ಮತ್ತೆ ಯಾಕೆ ಹೇಳಲಿಲ್ಲ?"

"ಎರಡನೇ ಸಲ... ಇನ್ನೂ ಚೆನ್ನಾಗಿ ಕೇಳಿಸ್ತಿತ್ತು."